ಚಾ ಕುಡಿಸಿದ ದಿನದ ಸೀರೆಗಳು

ಶ್ರೀವಲ್ಲಭ ಎಂಬ ಹೆಸರು ಕೇಳಿದರೆ ಸಾಕು, ಕಲ್ಮೇಶನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತಿತ್ತು. ಆ ಮನುಷ್ಯನ ಮುಖವನ್ನೇ ಅವನು ಕಂಡಿರಲಿಲ್ಲ.

ಇಂಡಿ ಊರಿನ ಅವನ ಜವಳಿ ಅಂಗಡಿಗೆ ಆ ಹೆಸರು ತಂದವಳು ಸಂಪದಾ. ಬಾಗೇವಾಡಿಯ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಕಲಿಸುವವಳು. ಬಂದ ದಿನವೇ ಗಾದಿಯ ಮೇಲೆ ಕುಳಿತು ಹೇಳಿದ್ದಳು:

"ಸೊಲ್ಲಾಪುರದ ಶ್ರೀವಲ್ಲಭ ಅವರು ಒಂದು ಸಂಶೋಧನಾ ಪೇಪರ್ ಬರದಾರ್ರಿ. ಗಿರಾಕಿ ಕುಂತ ಕೂಡ್ಲೆ ಚಾ ಕೊಟ್ರ ವ್ಯಾಪಾರ ಹೆಚ್ಚಾಗ್ತೈತಿ ಅಂತ. ಎಲ್ಲಾರೂ ನಂಬ್ಯಾರ, ಯಾರೂ ತಿರುಗಿ ಮಾಡಿ ನೋಡಿಲ್ಲ. ನಾ ನಿಮ್ಮ ಅಂಗಡ್ಯಾಗ ಮಾಡಿ ನೋಡ್ತೇನಿ."

"ಅವರಿಗೆ ಒಮ್ಮೆ ಬಂದ ಫಲಿತಾಂಶ ಸಾಲೂದಿಲ್ಲೇನ್ರಿ?"

"ಅದು ನಸೀಬೂ ಇರಬಹುದ್ರಿ ಸಾವ್ಕಾರ್ರ. ಮತ್ತೊಮ್ಮೆ ಬಂದ್ರ ಖರೇ."

ಸಾವ್ಕಾರ್ರ ಎನ್ನುವಾಗ ಅವಳ ಕಣ್ಣಂಚಿನಲ್ಲೊಂದು ಸಣ್ಣ ನಗೆ. ಆ ನಗೆಗೆ ಕಲ್ಮೇಶ ಇಡೀ ಅಂಗಡಿ ಬರೆದುಕೊಡಲು ತಯಾರಿದ್ದ.

ಒಂದು ದಿನ ಗಿರಾಕಿಗೆ ಚಾ, ಮರುದಿನ ಇಲ್ಲ. ಸಂಪದಾ ಮೂಲೆಯಲ್ಲಿ ಕುಳಿತು ಬರೆದುಕೊಳ್ಳುವಳು. ಮಾತು ಮಾತಿಗೂ ಶ್ರೀವಲ್ಲಭ. ಸೊಲ್ಲಾಪುರದ ಫೋನ್ ಬಂದರೆ ಎದ್ದು ಬೇವಿನ ಮರದಡಿ ಹೋಗುವಳು. ಮಾತು ಇವನಿಗೆ ಕೇಳಿಸುತ್ತಿರಲಿಲ್ಲ, ನಗು ಕೇಳಿಸುತ್ತಿತ್ತು.

ಚಾದ ದಿನ ಕಲ್ಮೇಶನ ಕೈ ಕೆಳಗಿನ ಹಳೇ ಮಾಲಿನ ಕಪಾಟಿಗಷ್ಟೇ ಹೋಗತೊಡಗಿತು. ಹೊಸ ಇಳಕಲ್ ಸೀರೆಗಳು ಮೇಲೆಯೇ ಉಳಿದವು. ಗಿರಾಕಿ ಚಾ ಕುಡಿದು, ಬಾಯಿ ಒರೆಸಿಕೊಂಡು, ಬರಿಗೈಲಿ ಹೋದರು. ಸಂಪದಾಳ ಕಣ್ಣು ಗಿರಾಕಿಯ ಮುಖದ ಮೇಲೆ. ಕಪಾಟಿನ ಸುದ್ದಿ ಅವಳಿಗೇನು ಗೊತ್ತು?

ಕೊನೆಗೆ ಶ್ರೀವಲ್ಲಭನೇ ಬಂದ. ತೆಳ್ಳಗೆ, ಬೆಳ್ಳಗೆ, ಹರಟೆಯ ಮನುಷ್ಯ. ಸಂಪದಾಳ ಪಕ್ಕದಲ್ಲೇ ಕುಳಿತ. ಕಲ್ಮೇಶ ಗಜಕೋಲನ್ನು ಬಿಗಿಯಾಗಿ ಹಿಡಿದ.

"ನಿಮ್ಮ ಫಲಿತಾಂಶ ಇಲ್ಲಿ ಬರಲಿಲ್ರಿ," ಅವಳ ದನಿ ಸೋತಿತ್ತು. "ಹಂಗಂತ ನನ್ನ ಹೆಸರಲೇ ಬರೀಬೇಕಾಗ್ತೈತಿ."

"ಬರೀರಿ. ನೀವು ಮಾಡೀರಿ ಅಂದ್ರ ನಾ ನಂಬ್ತೇನಿ."

ಆಗ ಸೀರೆ ಆರಿಸುತ್ತಿದ್ದ ಹೊನ್ನವ್ವ ಬಾಯಿ ಹಾಕಿದಳು: "ಅಲ್ಲೋ ತಮ್ಮಾ, ಮೊನ್ನೆ ಚಾ ಕುಡಿಸಿ ಹಳೇ ಮಾಲ ತೋರ್ಸಿದಿ. ಇವತ್ತ ಚಾ ಇಲ್ಲ, ಚಂದಚಂದಾವು ಬಿಚ್ಚಿ ಹಾಕೀದಿ!"

ಸಂಪದಾಳ ಪೆನ್ನು ನಿಂತಿತು.

ಹೊಸ ಮಾಲು ನಿನ್ನೆಯಷ್ಟೇ ಬಂತು ಎಂದು ಕಲ್ಮೇಶ ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತನ್ನ ಕಪಟದ ಕೆಳಗೆ ಅವಳ ಹೆಸರು ಬೀಳುತ್ತದಲ್ಲ!

"ನಾನ ಮುಚ್ಚಿಟ್ಟಿದ್ದೆ," ಎಂದ. "ಇವರು ಸೋಲ್ಲಿ ಅಂತ. ನೀವು ಇವರ ಹೆಸರ ತಗೊಂಡ್ರ ನನಗ ಸಂಕಟ ಆಗ್ತೈತ್ರಿ. ನಿಮ್ಮ ಮ್ಯಾಲೆ ಜೀವ ಇಟ್ಟೇನಿ."

ಶ್ರೀವಲ್ಲಭ ಗೊಳ್ಳೆಂದು ನಕ್ಕ. "ದಿನಾ ಫೋನ್ ಮಾಡಾಕಿ ನನ್ನ ಹೆಂಡತಿರಿ, ಸಂಪದಾ ಅವರ ಗೆಳತಿ! ಬರ್ರಿ ಅವ್ವಾರ, ನಾವು ಹೊರಗ ಚಾ ಕುಡಿಯೋಣು."

ಸಂಪದಾ ನಗಲಿಲ್ಲ. "ನನ್ನ ಕೆಲಸ ಎಲ್ಲಾ ಹಾಳ ಮಾಡಿದ್ರಿ."

"ಹೌದ್ರಿ."

"ಇನ್ನ ಮೊದಲಿನಿಂದ ಮಾಡಬೇಕು. ಮುದ್ದೇಬಿಹಾಳದಾಗ, ಬ್ಯಾರೆ ಅಂಗಡ್ಯಾಗ." ಚೀಲ ಎತ್ತಿಕೊಂಡು ಹೊಸ್ತಿಲ ತನಕ ಹೋದವಳು ತಿರುಗಿದಳು. ಕೆನ್ನೆ ಕೆಂಪಾಗಿತ್ತು. "ಈಗ ಹೇಳಿದ್ದು ಹೊಟ್ಟೆಕಿಚ್ಚಿನ್ಯಾಗ ಬಂದಿರಬಹುದು. ನಾಳೆ ಸಮಾಧಾನದಾಗ ಮತ್ತೊಮ್ಮೆ ಹೇಳ್ರಿ. ನೋಡೋಣು."

ಮರುದಿನ ಸಂತೆ. ಆದರೂ ಕಲ್ಮೇಶ ಅಂಗಡಿಗೆ ಬೀಗ ಹಾಕಿ, ಬಸ್ಸು ಹತ್ತಿ, ಬಾಗೇವಾಡಿಯ ಕಾಲೇಜಿನ ಗೇಟಿನಲ್ಲಿ ನಿಂತ. ಅವಳು ಬರುತ್ತಲೇ ಎದುರಿನ ಹೋಟೆಲ್ ಕಡೆ ಕೈ ಮಾಡಿದ. "ಮೊದಲ ಒಂದೊಂದು ಚಾ..."

"ಬ್ಯಾಡ್ರಿ. ಆಮ್ಯಾಲೆ ಚಾದ ಗುಣ ಅಂತೀರಿ. ಹಂಗ ಹೇಳ್ರಿ."

ಹೇಳಿದ. ಅವೇ ಮಾತು, ದನಿ ಮಾತ್ರ ತಣ್ಣಗಿತ್ತು.

ಅವಳ ಕಣ್ಣಂಚಿಗೆ ಆ ಸಣ್ಣ ನಗೆ ತಿರುಗಿ ಬಂತು. "ಈಗ ಬರ್ರಿ ಸಾವ್ಕಾರ್ರ, ಚಾ ಕುಡಿಯೋಣು."