ತೊಣ್ಣೂರಿನ ಕೈಪಿಡಿಯಲ್ಲಿ ಕಾಣೆಯಾದ ಹೆಸರು

ಹನ್ನೊಂದನೇ ದಿನದ ತಿಥಿಯಲ್ಲಿ ಮಗನ ಫೋಟೋ ಮುಂದೆ ಎಡೆ ಇಟ್ಟ ಬೈರಮ್ಮ, ಅವನು ಬರೆದ ಪುಸ್ತಕದ ಕೊನೆಯ ಹಾಳೆ ತೆಗೆದು ಬೆರಳಾಡಿಸಿದಳು. ಆಕೆಗೆ ಓದು ಬರದು. ‘ಲೋಕೇಶ್’ ಎಂಬ ಒಂದು ಹೆಸರನ್ನು ಮಾತ್ರ ಗುರುತು ಹಿಡಿಯುತ್ತಿದ್ದಳು. ಮಗನೇ ಸ್ಲೇಟಿನ ಮೇಲೆ ಬರೆದು ಕಲಿಸಿದ್ದ. ಆ ಹೆಸರು ಅಲ್ಲಿರಲಿಲ್ಲ. ಇದ್ದದ್ದು ಬೇರೆ ಯಾವುದೋ ಹೆಸರು. ಓದಬಲ್ಲವರು ಓದಿ ಹೇಳಿದರು: ದಿಲೀಪ್.

ಲೋಕೇಶನ ಜೀವದ ಗೆಳೆಯ ದಿಲೀಪ್. ಅವತ್ತು ಆ ಮನೆಯಲ್ಲಿ ಅವನಿಗೆ ಊಟಕ್ಕೂ ಎಲೆ ಹಾಕಲಿಲ್ಲ.

ಮಾರನೆಯ ದಿನ ತೊಣ್ಣೂರಿನ ಕೆಂಪಣ್ಣ ಲೋಕೇಶನ ಹೆಂಡತಿ ರಂಜಿತಳನ್ನು ತನ್ನ ಹಾಲಿನ ಟೆಂಪೋದಲ್ಲಿ ಕೂರಿಸಿಕೊಂಡು ಪಾಂಡವಪುರಕ್ಕೆ ಬಂದ. ಅಲ್ಲಿ ಚಿನ್ನದ ಕೆಲಸದ ಸುಬ್ರಹ್ಮಣ್ಯಾಚಾರಿಯ ಪುಟ್ಟ ಅಂಗಡಿಯಿತ್ತು. ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಏನೇ ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವರ ಹತ್ತಿರ ಬರುತ್ತಿದ್ದರು. ಆಚಾರ್ರು ಮಾತಿಗಿಂತ ಮೊದಲು ಕಣ್ಣಿಗೆ ಭೂತಗನ್ನಡಿ ಹಾಕುವವರು. ಇಂಥ ಪತ್ತೆಗಳಲ್ಲಿ ಅವರ ಜೊತೆ ತಿರುಗುವುದು ಕೆಂಪಣ್ಣನಿಗೆ ಹತ್ತು ವರ್ಷದ ಅಭ್ಯಾಸ.

“ನಮ್ಮೆಜಮಾನ್ರು ನಾಕು ವರ್ಸ ಬರ್ದಿದ್ದು ಆಚಾರ್ರೇ,” ಎಂದಳು ರಂಜಿತ. “ಕಂಪ್ಯೂಟರ್ನಲ್ಲಿ ಕೈಪಿಡಿ ಪುಟ ಜೋಡ್ಸಕ್ಕೆ ಒಂದು ಭಾಷೆ ಅದೆ. ಅದರ ಆಜ್ಞೆಗಳಿಗೆ ಮ್ಯಾಕ್ರೊ ಅಂತಾರೆ. ಯಾವ ಮ್ಯಾಕ್ರೊ ಏನ್ ಮಾಡ್ತದೆ ಅಂತ ಒಂದೊಂದಾಗಿ ಕನ್ನಡದಲ್ಲಿ ಬರ್ದ್ರು. ಸೋಮವಾರ ಅದು ಇಂಟರ್ನೆಟ್ನಲ್ಲಿ ಪ್ರಪಂಚಕ್ಕೆಲ್ಲ ಓಯ್ತದೆ. ಅಷ್ಟ್ರೊಳ್ಗೆ ಅವರ ಎಸ್ರು ಬರ್ಲಿಲ್ಲ ಅಂದ್ರೆ ನಮ್ಮತ್ತೆ ಬದ್ಕಲ್ಲ.”

“ಹೆಸರು ಇತ್ತು ಅಂತ ನಿನಗೆ ಹೇಗೆ ಗೊತ್ತಮ್ಮ?”

“ಕಣ್ಣಾರೆ ನೋಡಿವ್ನಿ. ಅವರು ತೀರ್ಕೊಂಡ ಆರನೇ ದಿನ. ಆಮೇಲೇ ಪೆನ್ ಡ್ರೈವ್‌ಗೆ ಆಕಿ ದಿಲೀಪಂಗೆ ಕೊಟ್ಟಿದ್ದು.”

“ಇನ್ನೇನ್ ಕೇಳ್ತೀರಿ ಆಚಾರ್ರೇ?” ಕೆಂಪಣ್ಣ ಎದ್ದೇಬಿಟ್ಟ. “ಆ ನನ್ಮಗನ ಕಾಲು ಮುರ್ದ್ರೆ ಎಸ್ರು ತಾನಾಗೇ ಈಚೆಗ್ ಬತ್ತದೆ.”

“ಕೂತ್ಕೋ ಮಾರಾಯ. ಕಾಲಲ್ಲಿ ಯಾರೂ ಹೆಸರು ಬಚ್ಚಿಡಲ್ಲ.”

ಮೊದಲು ತೊಣ್ಣೂರಿಗೇ ಹೋದರು. ಪಡಸಾಲೆಯ ಮೂಲೆಯಲ್ಲಿ ಲೋಕೇಶನ ಕಂಪ್ಯೂಟರ್ ಇತ್ತು. ಅದರ ಪರದೆಯ ಅಂಚಿಗೆ ಕುಂಕುಮದ ಬೊಟ್ಟು. ಹಾಲಿನ ಕ್ಯಾನಿಗೆ, ಬಾಗಿಲ ಚಿಲಕಕ್ಕೆ, ಫೋಟೋದಲ್ಲಿ ಲೋಕೇಶನ ಹಣೆಗೆ, ಎಲ್ಲಕ್ಕೂ ಬೊಟ್ಟು.

“ನನ್ನ ಸೊಸೆದು ಕಣಪ್ಪ,” ಎಂದಳು ಬೈರಮ್ಮ. “ಮದ್ವೆಯಾಗಿ ಬಂದಾಗಿಂದ ಅಂಗೇಯ. ಬೊಟ್ಟಿಡದೆ ಯಾವುದ್ನೂ ಸುರು ಮಾಡಕಿಲ್ಲ. ಈಗ ಅವಳ ಅಣೆ ಒಂದು ಬುಟ್ಟು ಎಲ್ಲಕ್ಕೂ ಇಡ್ತಾಳೆ.”

ರಂಜಿತ ಒಳಗೆ ಹೋದಳು. ಆಚಾರ್ರು ಕಂಪ್ಯೂಟರಿನಲ್ಲಿದ್ದ ಪುಸ್ತಕದ ಮೂಲ ಕಡತವನ್ನು ಒಂದು ಪೆನ್ ಡ್ರೈವಿಗೆ ಹಾಕಿಸಿಕೊಂಡರು.

ಅಲ್ಲಿಂದ ಶ್ರೀರಂಗಪಟ್ಟಣ. ಪುಸ್ತಕ ಅಚ್ಚು ಹಾಕಿದ ನಾಗಾರ್ಜುನ ಜೆರಾಕ್ಸ್ ಮೆಷಿನ್ನಿನ ಹಿಂದಿನಿಂದಲೇ ಹೇಳಿದ: “ನಂಗೆ ಬಂದಿದ್ದು ಜೋಡ್ಸಿ ಮುಗ್ದ ಪುಟ ಸಾರ್. ಫೋಟೋ ಇದ್ದಂಗೆ. ಒಂದಕ್ಷರ ತೆಗ್ಯೋದಕ್ಕೂ ಆಗಲ್ಲ, ಸೇರ್ಸೋದಕ್ಕೂ ಆಗಲ್ಲ. ಮೂಲ ಕಡತ ನಾನು ಕಂಡೇ ಇಲ್ಲ.”

ದಿಲೀಪ್ ಸಿಕ್ಕಿದ್ದು ಕೆ.ಆರ್. ಪೇಟೆಯಲ್ಲಿ, ಅವನು ಪಾಠ ಹೇಳುವ ಕಂಪ್ಯೂಟರ್ ಕೇಂದ್ರದಲ್ಲಿ. ಆಚಾರ್ರು ಬಾಯಿ ತೆರೆಯುವ ಮೊದಲೇ ಕೆಂಪಣ್ಣ ಅವನ ಕೊರಳಪಟ್ಟಿ ಹಿಡಿದಿದ್ದ; ಗುಂಡಿಯೊಂದು ಕಿತ್ತು ಬಿತ್ತು.

“ಲೇ, ಸತ್ತವನ ಎಸ್ರು ತಿಂದಲ್ಲೋ! ಅವನ ಮನೇಲಿ ಎಷ್ಟು ಮುದ್ದೆ ಉಂಡಿದ್ದೀಯ್ಲಾ ನೀನು?”

“ನಾನ್ ಅಳಿಸಿಲ್ಲ ಕಣಣ್ಣ,” ಎಂದ ದಿಲೀಪ್. ಬಿಡಿಸಿಕೊಳ್ಳಲು ಕೈಯನ್ನೂ ಎತ್ತಲಿಲ್ಲ. “ಅಕ್ಕಯ್ಯ ಕೊಟ್ಟ ಕಡತ ಹಂಗೇ ಪುಟ ಮಾಡ್ದೆ. ತೆಗೆದು ಓದೋಕೆ ಧೈರ್ಯ ಬರ್ಲಿಲ್ಲ.”

“ಹಾಗಾದ್ರೆ ಅವನ ಹೆಸರು ಯಾಕಿಲ್ಲ ಅಂತ ನೀನೂ ಕೇಳಲಿಲ್ಲವೇ?” ಎಂದರು ಆಚಾರ್ರು.

ಹುಡುಗ ತಲೆ ತಗ್ಗಿಸಿದ. ಬೇರೆ ಏನು ಕೇಳಿದರೂ ಹೇಳಿದ, ಇದಕ್ಕೆ ಮಾತ್ರ ಬಾಯಿ ಬಿಡಲಿಲ್ಲ. ಕೊನೆಗೆ ಆಚಾರ್ರು ಮಕ್ಕಳ ಹಾಗೆ, “ಆ ಭಾಷೆ ನಡೆಯೋದು ಹೇಗೆ? ನನಗೆ ತೋರಿಸು,” ಎಂದು ಕುರ್ಚಿ ಎಳೆದುಕೊಂಡರು.

ದಿಲೀಪ್ ತೋರಿಸಿದ. ಸಾಲಿನ ಮೊದಲಲ್ಲಿ ಚುಕ್ಕಿ ಬಂದರೆ ಆ ಸಾಲು ಮಾತಲ್ಲ, ಆಜ್ಞೆ. ಚುಕ್ಕಿಯ ಮುಂದಿನ ಪದ ತನಗೆ ಗೊತ್ತಿರುವ ಮ್ಯಾಕ್ರೊ ಆಗಿದ್ದರೆ ಯಂತ್ರ ಹೇಳಿದಂತೆ ಮಾಡುತ್ತದೆ. ಗೊತ್ತಿಲ್ಲದ್ದಾದರೆ ತಕರಾರಿಲ್ಲದೆ ಇಡೀ ಸಾಲನ್ನು ನುಂಗುತ್ತದೆ. ಬರೆಯುವವರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಟಿಪ್ಪಣಿಗೆ ಬೇರೆ ಗುರುತುಂಟು. ಅದೂ ಅಚ್ಚಿಗೆ ಬರುವುದಿಲ್ಲ. ಇನ್ನೊಂದು ಪದ್ಧತಿ: ಒಂದು ವಾಕ್ಯ ಮುಗಿದರೆ ಮುಂದಿನದನ್ನು ಹೊಸ ಸಾಲಿನಲ್ಲೇ ಶುರು ಮಾಡಬೇಕು.

“ಇದನ್ನೆಲ್ಲ ಲೋಕೇಶ ಎರಡನೇ ಅಧ್ಯಾಯದಲ್ಲೇ ಬರ್ದವ್ನೆ,” ಎಂದ ದಿಲೀಪ್. “ಪದ್ಧತಿ ತಪ್ಪಿದ್ರೆ ನಂಗೆ ಬಯ್ಯೋನು.”

ಆಚಾರ್ರು ಅಲ್ಲೇ ಕೂತು ಕಡತವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಎದ್ದಾಗ ಮಧ್ಯಾಹ್ನ ಜಾರಿತ್ತು. ಟೆಂಪೋದಲ್ಲಿ ಕೆಂಪಣ್ಣ ಎಷ್ಟು ಕೆದಕಿದರೂ ಒಂದೇ ಮಾತು: “ಭಾನುವಾರ ಬೆಳಗ್ಗೆ ಎಲ್ಲರನ್ನೂ ತೊಣ್ಣೂರಿಗೆ ಕರಿ. ಮತ್ತೆ ಕೆಂಪಣ್ಣ, ಅವತ್ತು ನಿನ್ನ ಕೈ ನಿನ್ನ ಜೇಬಲ್ಲಿರಲಿ.”

ಭಾನುವಾರ ಪಡಸಾಲೆಯಲ್ಲಿ ಎಲ್ಲರೂ ಕೂತರು. ದಿಲೀಪ್ ಹೊಸ್ತಿಲಾಚೆಯೇ ನಿಂತ. ಬೈರಮ್ಮ ಅವನತ್ತ ನೋಡಲಿಲ್ಲ.

“ಹೆಸರನ್ನು ಯಾರೂ ಅಳಿಸಿಲ್ಲ,” ಎಂದು ಆಚಾರ್ರು ಶುರು ಮಾಡಿದರು. “ಕಡತದಲ್ಲಿ ಈಗಲೂ ಇದೆ. ಕದಿಯುವವನು ಮಾಲನ್ನು ಅಲ್ಲೇ ಬಿಟ್ಟು ಹೋಗ್ತಾನೆಯೇ?” ಪರದೆಯ ಮೇಲೆ ಆ ಸಾಲನ್ನು ತೋರಿಸಿದರು. “ಸಾಲಿನ ಮೊದಲಲ್ಲಿ ಒಂದು ಚುಕ್ಕಿ ಇದೆ. ಯಂತ್ರ ಅದನ್ನು ಆಜ್ಞೆ ಅಂದುಕೊಂಡಿತು. ಲೋಕೇಶ್ ಅನ್ನೋ ಮ್ಯಾಕ್ರೊ ಅದಕ್ಕೆ ಗೊತ್ತಿಲ್ಲ. ನುಂಗಿಬಿಟ್ಟಿತು.”

“ಆ ಚುಕ್ಕಿ ಇಟ್ಟೋನು ಇವ್ನೇ!” ಕೆಂಪಣ್ಣನ ಕೈ ಜೇಬಿನಿಂದ ಹೊರಗೆ ಬಂತು.

“ಪೂರ್ತಿ ಕೇಳು. ನಾಗಾರ್ಜುನ ಕಡತವನ್ನೇ ಕಂಡಿಲ್ಲ, ಅವನು ಹೊರಗೆ. ಇನ್ನು ದಿಲೀಪ. ಈ ಸಾಲಲ್ಲಿ ಏನು ಬರೆದಿದೆ? ‘ಲೋಕೇಶ್ ಇದನ್ನು ಬರೆದವರು. ತೊಣ್ಣೂರಿನ ಬೈರಮ್ಮನ ಮಗ.’ ಎರಡು ವಾಕ್ಯ, ಒಂದೇ ಸಾಲು. ಮಿಕ್ಕ ಕಡತದಲ್ಲೆಲ್ಲ ಒಂದು ಕಡೆಯೂ ಹೀಗಿಲ್ಲ. ಆ ಭಾಷೆಯ ಪದ್ಧತಿ ಗೊತ್ತಿಲ್ಲದ ಕೈ ಇದನ್ನು ಬರೆದದ್ದು. ಇದನ್ನು ಬರೆದು ಉಳಿಸಿದ ದಿನ ಅಂತ ಕಂಪ್ಯೂಟರ್ ತೋರಿಸೋದು, ಲೋಕೇಶ ತೀರಿಕೊಂಡ ಆರನೇ ದಿನ. ಅವತ್ತು ಕಡತ ಈ ಮನೆ ಬಿಟ್ಟು ಇನ್ನೂ ಆಚೆ ಹೋಗಿರಲಿಲ್ಲ.” ಆಚಾರ್ರ ದನಿ ಇಳಿಯಿತು. “ಬೊಟ್ಟಿಡದೆ ಯಾವುದನ್ನೂ ಶುರು ಮಾಡದವರು ಈ ಮನೆಯಲ್ಲಿ ಒಬ್ಬರೇ. ಅಲ್ಲವೇ ತಾಯಿ?”

ರಂಜಿತ ಸೆರಗು ಬಾಯಿಗೊತ್ತಿಕೊಂಡಳು.

“ಫೋಟೋಗೆ ಇಡೋವಂಗೆ ಎಸ್ರಿಗೂ ಒಂದು ಬೊಟ್ಟಿಟ್ಟೆ,” ಎಂದಳು. “ಅದೇ ಅವರ ಎಸ್ರ ನುಂಗ್ತದೆ ಅಂತ ನಂಗೇನು ಗೊತ್ತು?”

“ಅಲ್ಲ ಕಣವ್ವ, ನೀನೇ ಬರ್ದಿದ್ದು ಅಂತ ಮೊದ್ಲೇ ಯೋಳಬಾರ್ದಿತ್ತಾ?” ಕೆಂಪಣ್ಣನ ದನಿಯಲ್ಲಿ ಸಿಟ್ಟಿಗಿಂತ ದಿಗಿಲೇ ಹೆಚ್ಚಿತ್ತು.

“ಹೇಳಿದ್ದರೆ, ‘ನಿನ್ನ ಗಂಡ ತನ್ನ ಹೆಸರು ತಾನೇ ಯಾಕೆ ಬರೆಯಲಿಲ್ಲ’ ಅಂತ ನೀವೆಲ್ಲ ಕೇಳ್ತಿದ್ರಿ,” ಎಂದರು ಆಚಾರ್ರು. “ಕಡತದಲ್ಲಿ ಆ ಸಾಲಿನ ಮೇಲುಗಡೆ, ಅಚ್ಚಿಗೆ ಬಾರದ ಟಿಪ್ಪಣಿ ಒಂದಿದೆ. ಲೋಕೇಶನದು. ‘ದಿಲೀಪನ ಹೆಸರೊಂದೇ ಇರಲಿ. ನನ್ನದು ಅರ್ಧಕ್ಕೆ ನಿಂತ ಕೆಲಸ.’”

ಹೊಸ್ತಿಲಾಚೆ ದಿಲೀಪ್ ಗೋಡೆಗೆ ಮುಖ ಮಾಡಿಕೊಂಡಿದ್ದ.

“ಡಯಾಲಿಸಿಸ್ ಶುರುವಾದ್ಮೇಲೆ ಅವನ ಕೈ ಊದ್ಕೊಂಡು ಟೈಪ್ ಮಾಡಕ್ಕಾಯ್ತಿರ್ಲಿಲ್ಲ,” ಎಂದ ಅವನು. “ಮಿಕ್ಕಿದ್ದು ನಾನು ಬರ್ದೆ. ಅವನ ಎಸ್ರು ಹಾಕೇ ಹಾಕ್ತೀನಿ ಅಂದೆ. ಆಸ್ಪತ್ರೆ ಮಂಚದ ಮೇಲೆ ಆಣೆ ಇಡಿಸ್ಕೊಂಡ, ಹಾಕಬೇಡ ಅಂತ. ಮನೇಲೂ ಯೋಳಬ್ಯಾಡ, ಅವ್ವ ನೊಂದ್ಕೊತಾಳೆ ಅಂದ. ಅದಕ್ಕೇ ಎಲ್ಲಾ ಬೈದ್ರೂ ಸುಮ್ಕಿದ್ದೆ.”

“ಆ ಟಿಪ್ಪಣಿ ನಾನು ಓದಿದ್ದೆ,” ಎಂದಳು ರಂಜಿತ. “ಅವರು ಬರ್ದಿದ್ದ ಅಳ್ಸಕ್ಕೆ ಕೈ ಬರ್ಲಿಲ್ಲ. ಅವರ ಎಸ್ರಿಲ್ದೆ ಕಳ್ಸಕ್ಕೂ ಮನ್ಸು ಬರ್ಲಿಲ್ಲ. ನಿನ್ನ ಕಳ್ಳ ಅಂದ್ಬುಟ್ಟೆ ದಿಲೀಪ.”

ಕೆಂಪಣ್ಣ ತನ್ನ ಎರಡು ಕೈಯನ್ನೂ ನೋಡಿಕೊಂಡ. ಆ ಕೊರಳಪಟ್ಟಿಯ ಗುಂಡಿ ಕಿತ್ತದ್ದು ಈ ಕೈಯೇ.

“ಆಣೆ ದಿಲೀಪನದು, ಅವನು ಉಳಿಸಿಕೊಳ್ಳಲಿ,” ಎಂದರು ಆಚಾರ್ರು. “ಹೆಸರು ಹಾಕಿದ್ದು ಹೆಂಡತಿ. ಅವಳಿಗೆ ಯಾರ ಆಣೆಯೂ ಇಲ್ಲ. ಚುಕ್ಕಿ ತೆಗಿ ತಾಯಿ, ಸರಿಹೋಗ್ತದೆ.”

ದಿಲೀಪ್ ಅವತ್ತು ಮೊದಲ ಸಲ ಹೊಸ್ತಿಲು ದಾಟಿದ. “ತೆಗೀಬ್ಯಾಡಿ ಅಕ್ಕಯ್ಯ. ಕಣ್ಣಿಗೆ ಕಾಣದ ಗುರುತೊಂದು ಅದೆ. ಚುಕ್ಕಿಗಿಂತ ಮೊದ್ಲು ಅದನ್ನ ಇಟ್ರೆ ಯಂತ್ರ ನುಂಗಲ್ಲ. ಬೊಟ್ಟೂ ಉಳೀತದೆ.”

ಅವನು ಹೇಳಿದ ಕೀಲಿಗಳನ್ನು ರಂಜಿತ ಒತ್ತಿದಳು. ನಾಗಾರ್ಜುನ ತಂದಿದ್ದ ಪುಟ್ಟ ಪ್ರಿಂಟರಿನಿಂದ ಹಾಳೆ ಬಂತು. ಬೈರಮ್ಮನ ಬೆರಳು ಮೊದಲು ಚುಕ್ಕಿಗೆ ತಾಗಿತು, ಆಮೇಲೆ ಹೆಸರಿಗೆ. ಅಲ್ಲೇ ಬಹಳ ಹೊತ್ತು ನಿಂತಿತು.

“ಕೆಳಗಿರೋದು ಯಾರ ಎಸ್ರು?”

“ನಂದು ಕಣವ್ವ,” ಎಂದ ದಿಲೀಪ್.

ರಂಜಿತ ಮತ್ತೆ ಕೀಲಿಮಣೆಗೆ ಕೈ ಚಾಚಿದಳು. “ಅದಕ್ಕೂ ಒಂದು ಬೊಟ್ಟಿಡ್ತೀನಿ ಅತ್ತೆ. ಅವರದಕ್ಕಿಟ್ಟಂಗೇ.”

ಮುದುಕಿ ಆ ಕೈಯನ್ನು ಗಪ್ಪನೆ ಹಿಡಿದುಕೊಂಡಳು.

“ಬ್ಯಾಡ ಕಣವ್ವ. ಅದು ಬದ್ಕಿರೋ ಮಗನ ಎಸ್ರು.” ಮತ್ತೆ ದಿಲೀಪನ ಕಡೆ ತಿರುಗಿ, “ಕೂತ್ಕೊಳ್ಳೋ, ಉಣ್ಣುವಂತೆ,” ಎಂದಳು.

ಕೆಂಪಣ್ಣ ಎದ್ದು ಒಳಗೆ ಹೋದ. ಒಂದು ಎಲೆ ತಂದು, ದಿಲೀಪನ ಮುಂದೆ ಹಾಸಿ, ತಾನೇ ನೀರು ಚಿಮುಕಿಸಿದ.