ಒತ್ತುವ ಮೊದಲೇ ಇಳಿದ ಬ್ರೇಕು

ಸಕಲ ನೆಂಟರಿಷ್ಟರ ಮುಂದೆ ನಾನು ಘೋಷಿಸಿದ ಐತಿಹಾಸಿಕ ನಿರ್ಣಯ ಇಷ್ಟೇ: ನಮ್ಮ ಐವತ್ತರ ದಶಕದ ಕಾರಿಗೆ ಮಾಮೂಲಿ ಡಿಸ್ಕ್ ಬ್ರೇಕಲ್ಲ, ಪವರ್ ಡಿಸ್ಕ್ ಬ್ರೇಕು! ಮನೆಯಲ್ಲಿ ನನಗಿಲ್ಲದ ಪವರ್ ಬ್ರೇಕಿಗಾದರೂ ಇರಲಿ. ತೊಂಬತ್ತಾರರ ಬೇಸಿಗೆ ಅದು. ಮೊಣಕಾಲಿನ ಆಪರೇಷನ್ ಆಗಿದ್ದ ನನ್ನ ಹೆಂಡತಿ ಅನು ಮತ್ತೆ ತಾನೇ ಕಾರು ಓಡಿಸಿಕೊಂಡು ಪಾಂಡವಪುರದ ಸ್ಕೂಲಿಗೆ ಪಾಠ ಮಾಡಲು ಹೋಗಬೇಕಾದರೆ ಪೆಡಲು ಹಗುರಾಗಲೇಬೇಕಿತ್ತು.

ಶುಕ್ರವಾರ ಮಧ್ಯಾಹ್ನ ಅನುವನ್ನು ಕರೆದುಕೊಂಡು, ಕಾರು ಬಿಟ್ಟಿದ್ದ ಶ್ರೀರಂಗಪಟ್ಟಣದ ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಜಫರ್ ನಮಾಜಿಗೆ ಹೋಗಿದ್ದ. ಬಾನೆಟ್ಟು ಮುಚ್ಚಿತ್ತು. ಕೆಲಸ ಮುಗಿದಿದೆ ಎಂದುಕೊಂಡು ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದು ಅನುವಿಗೆ ಕೊಟ್ಟೆ.

ಪೆಡಲು ಬೆಣ್ಣೆಯ ಹಾಗಿತ್ತು. ಊರು ದಾಟುವಷ್ಟರಲ್ಲಿ ಅನುವಿನ ಮುಖ ಸಪ್ಪಗಾಯಿತು.

“ರೀ, ನಾನು ಒತ್ತೋಕ್ ಮುಂಚೇನೇ ಇದು ಕೆಳಕ್ಕೋಯ್ತದೆ ಕಣ್ರೀ. ಪಾದ ತಣ್ಣಗೆ ಕೊರೀತಾ ಅದೆ.”

“ಪವರ್ ಅಂದ್ರೆ ಅಂಗೇ ಕಣೇ.”

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸುವ ನಮ್ಮ ವಂಶದ ಚಾಳಿಯಂತೆ ನಾನೇ ಕೈಚಾಚಿ ಎಂಜಿನ್ ಆಫ್ ಮಾಡಿದೆ. ತಿರುವಿನಲ್ಲಿ ಕಬ್ಬಿನ ಗಾಡಿ ಅಡ್ಡ ಬಂತು. ಗಾಬರಿಯಲ್ಲಿ ಅನು ಕಾಲನ್ನೇ ಮೇಲೆಳೆದುಕೊಂಡಳು. ಆದರೂ ಕಾರು ಮೆಲ್ಲಗೆ, ಅಲುಗದೆ ನಿಂತಿತು.

ಗ್ಯಾರೇಜಿಗೆ ವಾಪಸ್ ಬಂದಾಗ ಜಫರ್ ತಲೆ ಚಚ್ಚಿಕೊಂಡ.

“ಯಾ ಅಲ್ಲಾ! ಎಂಜಿನ್ನಿಂದ ಬ್ರೇಕಿಗೆ ಪವರ್ ಕೊಡೋ ಪೈಪೇ ಇನ್ನೂ ಮೈಸೂರಿಂದ ಬಂದಿಲ್ಲ ಸಾರ್! ಇದು ಮಾಮೂಲಿ ಬ್ರೇಕೇ!”

ತೋರಿಸಲೆಂದು ಒಳಗೆ ಕೂತು ಎರಡೂ ಕಾಲಿನಿಂದ ಒತ್ತಿದ. ಪೆಡಲು ಕಲ್ಲಿನ ಹಾಗಿತ್ತು. ಅವನು ಇಳಿದ ಮೇಲೆ ಅನು ಬಾಗಿಲಾಚೆಯಿಂದಲೇ ಅಂಜುತ್ತಾ ಕಾಲು ಚಾಚಿದಳು. ಇನ್ನೂ ಗೇಣು ದೂರವಿರುವಾಗಲೇ ಪೆಡಲು ತಾನಾಗಿ ಕೆಳಗಿಳಿದು, ಅವಳಿಗಾಗಿ ಕಾಯುತ್ತಾ ಅಲ್ಲೇ ನಿಂತಿತು.