ಗಾಯಕ್ಕೆ ಅರಿಸಿನ ಹಚ್ಚಿದ ಕೊಲೆಗಾರ

ಸತ್ತದ್ದು ಒಂದು ಪಪ್ಪಾಯಿ ಮರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಲೆಯೆಂದ ಕೂಡಲೇ ರಕ್ತ ಹುಡುಕುವ ಓದುಗರಿರುತ್ತಾರೆ; ನಿವೃತ್ತಳಾಗುವವರೆಗೂ ಗ್ರಂಥಾಲಯದಲ್ಲಿ ಕೂತು ಅಂಥವರಿಗೇ ಪುಸ್ತಕ ಕೊಟ್ಟವಳು ನಾನು. ಆದರೆ ಆ ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಯ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ಭಾನುವಿನ ಮುಖ ನೋಡಿದ್ದರೆ, ಯಾರೋ ಮನುಷ್ಯರೇ ಹೋಗಿದ್ದಾರೆಂದು ನೀವೂ ಅಂದುಕೊಳ್ಳುತ್ತಿದ್ದಿರಿ.

"ಆಂಟಿ, ಯಾರೋ ನಮ್ಮ ಗಂಡು ಮರ ಕಡಿದುಬಿಟ್ಟಿದ್ದಾರೆ" ಎಂದಳು.

ಶಿವರುದ್ರಮ್ಮನವರು ಕಾಫಿ ಲೋಟ ಕೆಳಗಿಟ್ಟರು. ಅವರು ಕಾಫಿ ಅರ್ಧಕ್ಕೆ ಬಿಡುವುದು ಅಪರೂಪ. ಚಾಮರಾಜನಗರದ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಸಾಕ್ಷಿಕಟ್ಟೆಯ ಮಗ್ಗುಲಲ್ಲಿ ಕೂತು ಎಷ್ಟು ಸುಳ್ಳು ಕೇಳಿದ್ದಾರೆಂದರೆ, ಈಗ ಮಾತಿನ ನಡುವೆ ಸುಳ್ಳು ಬಂದರೆ ಅನ್ನದಲ್ಲಿ ಕಲ್ಲು ಸಿಕ್ಕಿದವರಂತೆ ಮುಖ ಮಾಡುತ್ತಾರೆ. ಕೆಳಗಿನ ಮನೆಯಲ್ಲಿ ಅವರು, ಮೇಲಿನ ಮನೆಯಲ್ಲಿ ನಾನು. ಊರಿನಲ್ಲಿ ಸರ ಕಳೆದರೂ ಹಸು ಕಳೆದರೂ ಜನ ಠಾಣೆಗೆ ಹೋಗುವ ದಾರಿಯಲ್ಲಿ ಒಮ್ಮೆ ನಮ್ಮ ಗೇಟು ತೆರೆಯುತ್ತಾರೆ. ಮುಂದಕ್ಕೆ ಹೋಗುವವರು ಕಡಿಮೆ.

ಭಾನು ತೋಟಗಾರಿಕೆ ಓದಿದ ಹುಡುಗಿ. ಗೋಪಾಲಸ್ವಾಮಿ ಬೆಟ್ಟದ ಕಡೆ ಹೋಗುವ ರಸ್ತೆಯಲ್ಲಿ ಒಂದು ತುಂಡು ಜಮೀನು ಗುತ್ತಿಗೆ ಹಿಡಿದು, ಭಾನುವಾರಗಳಂದು ಹೊಸಬರಿಗೆ ಗಿಡ ಬೆಳೆಸುವುದನ್ನೂ, ಕುಂಡಕ್ಕೆ ಬಣ್ಣ ಬಳಿಯುವುದು, ತೆಂಗಿನನಾರಿನ ಬುಟ್ಟಿ ಕಟ್ಟುವುದು ಮುಂತಾದ ಕುಶಲ ಕೆಲಸಗಳನ್ನೂ ಕಲಿಸುತ್ತಿದ್ದಳು. ನಾವಿಬ್ಬರೂ ಸೇರಿದ್ದೆವು. ಶಿವರುದ್ರಮ್ಮನವರು ಸೇರಿದ್ದು ತಮ್ಮ ಕೈಯಲ್ಲಿ ತುಳಸಿಯೂ ಬದುಕುವುದಿಲ್ಲವೆಂಬ ಅವಮಾನಕ್ಕೆ. ನಾನು ಸೇರಿದ್ದು ಪಾಠದ ಕೊನೆಯಲ್ಲಿ ಕೊಡುವ ಬೋಂಡಾಕ್ಕೆ.

ಆ ಜಮೀನು ಮರಿಮಲ್ಲಪ್ಪನವರದು. ದೊಡ್ಡ ಅರಿಸಿನ ಬೆಳೆಗಾರರು, ಗಂಟಲೂ ದೊಡ್ಡದು. ಹುಡುಗಿಯೊಬ್ಬಳು ತಮ್ಮ ಹೊಲದಲ್ಲಿ ಪಾಠ ಮಾಡುವುದನ್ನು ಊರವರು ಕೆಣಕಿದಾಗ ನಾಲ್ಕು ಜನರೆದುರು ಒಂದು ಮಾತು ಆಡಿಬಿಟ್ಟಿದ್ದರು: "ಯುಗಾದಿ ಒಳಗೆ ಆ ಪಪ್ಪಾಯಿ ಸಾಲಲ್ಲಿ ಕಾಯಿ ಕಾಣ್ದೆ ಓದ್ರೆ, ಎಲ್ಲಾ ಕಿತ್ತು ಅರಿಸಿನ ಆಕ್ತೀನಿ." ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಆ ಮನೆತನದಲ್ಲೇ ಇಲ್ಲ. ಶಿವರಾತ್ರಿ ಆಗಲೇ ಕಳೆದಿತ್ತು. ಸಾಲಿನ ಹೆಣ್ಣು ಮರಗಳೆಲ್ಲ ಆಗಷ್ಟೇ ಹೂ ಬಿಟ್ಟಿದ್ದವು, ಮತ್ತು ಅವಕ್ಕೆಲ್ಲ ಇದ್ದದ್ದು ಬೇಲಿಯ ಪಕ್ಕದ ಆ ಒಂದೇ ಗಂಡು ಮರ. ಅದರ ಪರಾಗವಿಲ್ಲದೆ ಕಾಯಿಯಿಲ್ಲ; ಕಾಯಿಯಿಲ್ಲದೆ ಭಾನುವಿನ ತೋಟವಿಲ್ಲ.

"ಇನ್ನೊಂದು ಗಂಡು ಮರ ಹುಡುಕಿದರಾಯಿತಲ್ಲ" ಎಂದೆ.

"ಎಲ್ಲಿ ಹುಡುಕಲಿ ಆಂಟಿ? ಈ ಕಡೆ ಹಿತ್ತಿಲಲ್ಲಿ ಗಂಡು ಪಪ್ಪಾಯಿ ಅಂತ ಗೊತ್ತಾದ ದಿನವೇ ಕತ್ತಿ ತರ್ತಾರೆ. ದಂಡಕ್ಕೆ ನಿಂತಿದೆ ಅಂತ."

ತೋಟಕ್ಕೆ ಹೋದೆವು. ಗಂಡು ಮರದ ಜಾಗದಲ್ಲಿ ಸೊಂಟದೆತ್ತರದ ಮೋಟು ನಿಂತಿತ್ತು. ಶಿವರುದ್ರಮ್ಮನವರು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು, "ಸುಧಾ, ಏನು ಕಾಣುತ್ತೆ ಹೇಳು" ಎಂದರು.

ನನಗೆ ಕಂಡದ್ದು ಇಷ್ಟು. ಗರಗಸದಿಂದ ನುಣುಪಾಗಿ ಕೊಯ್ದಿದ್ದರು. ಕೊಯ್ದ ಬಾಯಿಗೆ ಸಗಣಿ, ಕೆಮ್ಮಣ್ಣು, ಅರಿಸಿನ ಕಲಸಿದ ಲೇಪ. ಅರಿಸಿನ ಎಷ್ಟಿತ್ತೆಂದರೆ ಮೋಟು ಮದುಮಗನ ಹಾಗೆ ಹೊಳೆಯುತ್ತಿತ್ತು. ಪಪ್ಪಾಯಿ ಕಾಂಡ ಒಳಗೆ ಟೊಳ್ಳಲ್ಲವೆ, ಇಬ್ಬನಿ ಇಳಿಯದಂತೆ ಅದರ ತಲೆಗೆ ತೆಂಗಿನ ಕರಟ ಕವುಚಿದ್ದರು. ಉರುಳಿದ ಕಾಂಡವನ್ನೂ ಎಲೆಗಳನ್ನೂ ಕೊಚ್ಚಿ ಹೆಣ್ಣು ಮರಗಳ ಬುಡಕ್ಕೆ ಒಪ್ಪವಾಗಿ ಹರಡಿದ್ದರು. ಗರಗಸ ಮೈ ಒರೆಸಿಸಿಕೊಂಡು, ಎಣ್ಣೆ ಸವರಿಸಿಕೊಂಡು ತೋಟದ ಕೊಟ್ಟಿಗೆಯ ಮೊಳೆಯಲ್ಲಿ ತೂಗುತ್ತಿತ್ತು.

"ಹೂವು?" ಎಂದರು.

ಗಂಡು ಪಪ್ಪಾಯಿಯ ಹೂ ಉದ್ದನೆಯ ಜಡೆಯಂತೆ ಇಳಿಬೀಳುತ್ತದೆ. ಆ ಜಡೆಗಳಲ್ಲಿ ಒಂದೂ ನೆಲದ ಮೇಲಿರಲಿಲ್ಲ.

ಅಷ್ಟರಲ್ಲಿ ಉಳಿದ ವಿದ್ಯಾರ್ಥಿಗಳೂ ಬಂದರು. ಮೊಬೈಲ್ ಅಂಗಡಿಯ ರೇವಂತ್ ಮೋಟಿನ ಫೋಟೋ ತೆಗೆಯುತ್ತಲೇ ತೀರ್ಪು ಕೊಟ್ಟ: "ಇನ್ಯಾರು ಮೇಡಂ, ಪಕ್ಕದ ಪುಟ್ಟಮಾದಯ್ಯನವರೇ. ಅವರ ತೊಟ್ಟಿಗೆ ಎಲೆ ಬೀಳ್ತದೆ, ಈ ಮರ ತೆಗೀರಿ ಅಂತ ಹೋದ ವಾರ ಎಲ್ಲರ ಎದುರಿಗೇ ಹೇಳಿದ್ರು."

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಪುಟ್ಟಮಾದಯ್ಯ ಬೇಲಿಯಾಚೆಯಿಂದಲೇ ಉತ್ತರಿಸಿದರು. "ಲೋ ರೇವಂತ, ನಾನು ಕಡಿಯಂಗಿದ್ರೆ ಅಗಲೊತ್ತಲ್ಲೇ ಕಡೀತಿದ್ದೆ ಕಣ್ಲಾ. ಕಡಿದ್ಮೇಲೆ ಅರಿಸಿನ ಬಳಿದು ಶಾಸ್ತ್ರ ಮಾಡಕೆ ಅದೇನು ನನ್ನ ಅಳೀನಾ?"

"ನೀವು ಈ ಕ್ಲಾಸಿಗೆ ಯಾವಾಗಿಂದ ಬರ್ತಿದ್ದೀರಿ?" ಎಂದು ಶಿವರುದ್ರಮ್ಮನವರು ಕೇಳಿದರು.

"ಓದ್ ವಾರದಿಂದ ಅಕ್ಕೋರೆ. ಆ ಮರಗಳ ಮದುವೆ ಬ್ರೋಕರ್ ಪಾಠ ಆಯ್ತಲ್ಲ, ಅದೇ ಮೊದಲು."

ಹೋದ ವಾರದ ಪಾಠ ಪರಾಗಸ್ಪರ್ಶದ್ದು. ಹಿಪ್ಪುನೇರಳೆ ತನ್ನ ಪರಾಗವನ್ನು ಗಾಳಿಗೆ ಎಸೆಯುತ್ತದೆ, ಹುಣಸೆಗೆ ಜೇನು ಬರುತ್ತದೆ, ಪಪ್ಪಾಯಿಗೆ ಸಂಜೆಗತ್ತಲಲ್ಲಿ ದೊಡ್ಡ ಪತಂಗ ಬರುತ್ತದೆ ಎಂದು ಭಾನು ಹೇಳಿದಾಗ, ಹಾಗಾದರೆ ಇವರೆಲ್ಲ ಬ್ರೋಕರುಗಳು ಎಂದು ಪುಟ್ಟಮಾದಯ್ಯ ಷರಾ ಬರೆದಿದ್ದರು. ಅದಕ್ಕೂ ಹಿಂದಿನ ವಾರ ಮೊದಲ ಪಾಠ: ಸಲಕರಣೆಗಳನ್ನು ಒರೆಸಿ ಎಣ್ಣೆ ಹಚ್ಚುವುದು, ಕೊಂಬೆ ಸವರುವುದು, ಗಾಯಕ್ಕೆ ಲೇಪ ಹಚ್ಚುವುದು, ಬುಡಕ್ಕೆ ಹೊದಿಕೆ ಹಾಕುವುದು. ಆ ದಿನ ಕೊನೆಗೆ ಭಾನು ಈ ಮರದ ಮುಂದೆ ನಿಂತು, "ಇದು ಗಂಡು, ಇದು ಕಾಯಿ ಬಿಡಲ್ಲ. ಯಾಕೆ ಇಟ್ಟುಕೊಂಡಿದ್ದೀನಿ ಅನ್ನೋದು ಮುಂದಿನ ಭಾನುವಾರ" ಎಂದಿದ್ದಳು. ಆ ಹೊತ್ತಿಗೆ ಬೋಂಡಾದ ವಾಸನೆ ಬಂದಿತ್ತು. ಬೇವಿನ ಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ತಮ್ಮ ಹೊಲದಲ್ಲಿ ಏನು ನಡೆಯುತ್ತಿದೆಯೆಂದು ನೋಡುತ್ತಿದ್ದ ಮರಿಮಲ್ಲಪ್ಪನವರೇ ಮೊದಲು ಎದ್ದಿದ್ದರು. ಎರಡನೆಯ ಪಾಠದ ದಿನ ಆ ಕುರ್ಚಿಯ ಮೇಲೆ ಕುಂಡದ ಬಣ್ಣದ ಡಬ್ಬಿಗಳನ್ನು ಇಟ್ಟುಕೊಂಡಿದ್ದೆವು.

ಸುದ್ದಿ ಮುಟ್ಟಿ ಮರಿಮಲ್ಲಪ್ಪನವರೂ ಬಂದರು. ಮೇಕೆಯೊಂದು ಬದು ತುಳಿದರೆ ಪಂಚಾಯಿತಿ ಸೇರಿಸುವ ಮನುಷ್ಯ. ಈಗ ಆಕಾಶ ಪಾತಾಳ ಒಂದು ಮಾಡುತ್ತಾರೆಂದು ನಾವೆಲ್ಲ ಒಂದು ಹೆಜ್ಜೆ ಹಿಂದೆ ಸರಿದೆವು.

"ಇದಿಲ್ಲದೆ ಉಳಿದ ಮರಗಳಲ್ಲಿ ಕಾಯಿ ಕಚ್ಚಲ್ಲ ಯಜಮಾನ್ರೆ" ಎಂದಳು ಭಾನು.

ಮರಿಮಲ್ಲಪ್ಪನವರು ಮೋಟನ್ನು ನೋಡಿದರು, ಹೆಣ್ಣು ಮರಗಳ ಸಾಲನ್ನು ನೋಡಿದರು. "ಅಂಗಂತೀಯಾ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಆಮೇಲೆ ತುಂಬ ಹೊತ್ತು ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು. "ಓಗ್ಲಿ ಬುಡಿ. ಒಂದು ಮರ ತಾನೆ."

"ಪುಟ್ಟಮಾದಯ್ಯನವರ ಮೇಲೆ ಅನುಮಾನ ಸಾರ್" ಎಂದ ರೇವಂತ್.

"ಅವನಲ್ಲ ಬುಡ್ಲಾ."

ಶಿವರುದ್ರಮ್ಮನವರು ತಲೆಯೆತ್ತಿ ಅವರನ್ನೊಮ್ಮೆ ನೋಡಿ, "ಭಾನು, ಸಂಜೆ ಎಲ್ಲರನ್ನೂ ಇಲ್ಲೇ ಸೇರಿಸು. ಕುಂಡಕ್ಕೆ ಬಣ್ಣ ಬಳಿಯೋ ಕುಂಚಗಳನ್ನ ಚೆನ್ನಾಗಿ ತೊಳೆದು ಒಣಗಿಸಿ ಇಡು" ಎಂದರು. ಕೊಲೆಗೂ ಕುಂಚಕ್ಕೂ ಏನು ಸಂಬಂಧವೆಂದು ಯಾರಿಗೂ ತಿಳಿಯಲಿಲ್ಲ. ತಿಳಿದವಳಂತೆ ನಾನು ತಲೆಯಾಡಿಸಿದೆ. ಜೊತೆಗಾರ್ತಿಯ ಕೆಲಸವೇ ಅದು.

ಮಧ್ಯಾಹ್ನ ನನ್ನನ್ನು ಮರಿಮಲ್ಲಪ್ಪನವರ ಮನೆಗೆ ಕರೆದೊಯ್ದರು. ಯಜಮಾನರು ಹೊಲದ ಕಡೆ ಹೋಗಿದ್ದರು. ಅಂಗಳದಲ್ಲಿ ಬೇಯಿಸಿದ ಅರಿಸಿನ ಒಣಗುತ್ತಿತ್ತು. ಅವರ ಮನೆಯವರು, ದೊಡ್ಡಮಲ್ಲಮ್ಮ, ಮಜ್ಜಿಗೆ ಕೊಟ್ಟು ನಮ್ಮನ್ನು ಕೂರಿಸಿಕೊಂಡರು.

"ಹೋದ ಭಾನುವಾರ ನೀವಿಬ್ರೂ ಕಾಣಲೇ ಇಲ್ವಲ್ಲಾ" ಎಂದರು ಶಿವರುದ್ರಮ್ಮನವರು, ಮಜ್ಜಿಗೆಯ ನಡುವೆ.

"ಚಾಮರಾಜನಗರದಲ್ಲಿ ನಮ್ಮ ಅಣ್ಣನ ಮಗಳ ಬೀಗರೂಟ ಕಣಕ್ಕಾ. ಇವರು ಊಟದೆಲೆ ಮುಂದೆ ಕೂತ್ಕಂಡು ಬೀಗರಿಗೆಲ್ಲಾ ಗಿಡ ಸವರೋ ಪಾಠ ಮಾಡ್ತಾ ಕೂತ್ರು. ನಂಗೆ ನಾಚ್ಕೆ ಆಗೋಯ್ತು."

ಶಿವರುದ್ರಮ್ಮನವರು ಕೈ ತೊಳೆಯಲು ಹಿತ್ತಿಲಿಗೆ ಹೋದರು. ತಿರುಗಿ ಬಂದಾಗ ಅವರ ಸೆರಗಿಗೆ ಹಳದಿ ಪುಡಿ ಅಂಟಿತ್ತು. ಅರಿಸಿನದವರ ಮನೆಯಲ್ಲಿ ಇನ್ನೇನು ಅಂಟೀತು ಎಂದುಕೊಂಡು ಕೊಡವಿಬಿಡಲು ಹೋದೆ. "ಮುಟ್ಟಬೇಡ, ಅದು ಬೆಲೆಬಾಳುತ್ತೆ" ಎಂದು ನನ್ನ ಕೈ ಹಿಡಿದರು. ಆಮೇಲೆ ದೊಡ್ಡಮಲ್ಲಮ್ಮನವರನ್ನು ಅಡುಗೆಮನೆ ಬಾಗಿಲಿಗೆ ಕರೆದು ಏನೋ ಪಿಸುಗುಟ್ಟಿದರು. ಒಳಗಿಂದ ನಗು ಕೇಳಿಸಿತು.

ಸಂಜೆ ಬೇವಿನ ಮರದ ಕೆಳಗೆ ಎಲ್ಲರೂ ಸೇರಿದರು. ಪುಟ್ಟಮಾದಯ್ಯ ರೇವಂತನ ಪಕ್ಕದಲ್ಲೇ, ಬೇಕೆಂದೇ, ಒತ್ತಿಕೊಂಡು ಕೂತಿದ್ದರು. ಮರಿಮಲ್ಲಪ್ಪನವರಿಗೆ ಅವರ ಪ್ಲಾಸ್ಟಿಕ್ ಕುರ್ಚಿಯೇ ಸಿಕ್ಕಿತ್ತು. ಆದರೂ ಮುಳ್ಳಿನ ಮೇಲೆ ಕೂತಂತಿದ್ದರು.

"ನಾನು ಕೋರ್ಟಿನಲ್ಲಿ ಬೇಕಾದಷ್ಟು ಕೊಲೆ ಕೇಸು ನೋಡಿದ್ದೀನಿ" ಎಂದು ಶಿವರುದ್ರಮ್ಮನವರು ಶುರುಮಾಡಿದರು. "ಕೊಂದ ಮೇಲೆ ಗಾಯಕ್ಕೆ ಔಷಧಿ ಹಚ್ಚಿ, ತಲೆಗೆ ಟೋಪಿ ಇಟ್ಟು, ಆಯುಧಕ್ಕೆ ಎಣ್ಣೆ ಸವರಿ ಹೋದವನನ್ನ ಇದೇ ಮೊದಲು ನೋಡ್ತಿರೋದು. ದ್ವೇಷದಿಂದ ಕಡಿದವನು ಹೀಗೆ ಮಾಡಲ್ಲ. ಇವನು ತೋಟಕ್ಕೆ ಒಳ್ಳೇದು ಮಾಡ್ತಿದ್ದೀನಿ ಅಂದುಕೊಂಡೇ ಕಡಿದಿದ್ದಾನೆ. ಲೇಪ, ಹೊದಿಕೆ, ಎಣ್ಣೆ, ಮೂರೂ ಮೊದಲನೇ ಪಾಠ. ಅಂದಮೇಲೆ ಆ ದಿನ ಇಲ್ಲಿದ್ದವನು. ಪುಟ್ಟಮಾದಯ್ಯನವರು ಇರಲಿಲ್ಲ."

"ಕೇಳಿಸ್ಕಂಡ್ಯಾ?" ಎಂದರು ಪುಟ್ಟಮಾದಯ್ಯ, ರೇವಂತನ ಪಕ್ಕೆಗೆ ತಿವಿದು.

"ಆದರೆ ಎರಡನೇ ಪಾಠ ಕೇಳಿದ್ದ ಯಾರೂ ಈ ಮರ ಮುಟ್ಟಲ್ಲ. ಇದು ಹೋದರೆ ಸಾಲೆಲ್ಲ ಬಂಜೆ ಅಂತ ಗೊತ್ತಿರುತ್ತೆ. ಹಾಗಾದರೆ ಮೊದಲ ಪಾಠಕ್ಕೆ ಬಂದು, ಎರಡನೆಯದಕ್ಕೆ ತಪ್ಪಿಸಿಕೊಂಡವರು ಯಾರು?"

"ಯಾರೂ ಇಲ್ಲ ಆಂಟಿ" ಎಂದಳು ಭಾನು. "ಮೊದಲ ದಿನ ಬಂದ ವಿದ್ಯಾರ್ಥಿಗಳೆಲ್ಲ ಎರಡನೇ ದಿನಾನೂ ಬಂದಿದ್ರು."

"ವಿದ್ಯಾರ್ಥಿಗಳು ಬಂದಿದ್ರು ಸರಿ. ಕುರ್ಚಿ ಹಾಕಿಕೊಂಡು ದೂರದಲ್ಲಿ ಕೂತವರನ್ನ ನೀನು ವಿದ್ಯಾರ್ಥಿ ಅಂತ ಲೆಕ್ಕ ಹಿಡಿದೇ ಇಲ್ಲ. ಅವರು ಮಾತ್ರ ನಿನ್ನ ಪಾಠ ನಮ್ಮೆಲ್ಲರಿಗಿಂತ ಚೆನ್ನಾಗಿ ಕಲಿತುಬಿಟ್ಟಿದ್ದರು."

ಎಲ್ಲರ ಕಣ್ಣೂ ಕುರ್ಚಿಯ ಕಡೆ ತಿರುಗಿತು.

"ಭಾನು, ಲೇಪಕ್ಕೆ ಒಂದು ಚಿಟಿಕೆ ಅರಿಸಿನ ಸಾಕು ಅಂದಿದ್ದೆ ನೀನು. ಅಂಗಡಿಯಿಂದ ಪೊಟ್ಟಣ ತರೋರು ಒಂದು ಚಿಟಿಕೆಯೇ ಹಾಕ್ತಾರೆ. ಮನೇಲಿ ರಾಶಿ ಇರೋರು ಹಿಡಿ ಹಾಕ್ತಾರೆ. ಇನ್ನೊಂದು. ಬದು ತುಳಿದ ಮೇಕೆಗೆ ಪಂಚಾಯಿತಿ ಸೇರಿಸೋರು ಇವತ್ತು 'ಓಗ್ಲಿ ಬುಡಿ' ಅಂದರು. ಪುಟ್ಟಮಾದಯ್ಯನವರ ಹೆಸರು ಬಂದಾಗ, ಅವನಿರಲಾರ ಅನ್ನಲಿಲ್ಲ, ಅವನಲ್ಲ ಅಂದರು. ಇನ್ನೊಬ್ಬ ಮಾಡಿಲ್ಲ ಅಂತ ಅಷ್ಟು ಗಟ್ಟಿಯಾಗಿ ಗೊತ್ತಿರೋದು ಊರಿಗೆಲ್ಲ ಒಬ್ಬನಿಗೆ ಮಾತ್ರ."

ಮರಿಮಲ್ಲಪ್ಪನವರು ಎದ್ದು ನಿಂತರು. ಟವೆಲ್ಲು ಹೆಗಲಿಂದ ಕೈಗೆ ಬಂದಿತ್ತು.

"ನಾನೇ ಕಣಮ್ಮಿ" ಎಂದರು ಭಾನುವಿಗೆ. "ನಾಲಕ್ಕು ಜನದ ಮುಂದೆ ಯುಗಾದಿ ಅಂತ ಬಾಯಿ ಬುಟ್ಬುಟ್ಟಿದ್ದೆ. ವಾಪಸ್ ತಗಳಕಾಯ್ತದಾ? ಅದಕ್ಕೆ ಎಂಗಾದ್ರೂ ಮಾಡಿ ನೀನೇ ಗೆಲ್ಲಂಗೆ ಮಾಡನ ಅಂತ ನೋಡ್ದೆ. ಈ ನನ್ಮಗಂದು ಕಾಯಿನೂ ಬುಡಕಿಲ್ಲ, ಗೊಬ್ಬರ ಮಾತ್ರ ಸರೀಗೆ ತಿಂತದೆ, ಇದನ್ನ ತೆಗುದ್ರೆ ಎಣ್ಣು ಮರ ಚೆನ್ನಾಗಿ ಬತ್ತವೆ ಅಂತ ನಿನ್ನೆ ಸಂಜೆ ಕೊಯ್ದ್ಬುಟ್ಟೆ. ಅದು ಇಡೀ ಸಾಲಿಗೆ ಯಜಮಾನ ಅಂತ ನಂಗೇನು ಗೊತ್ತು? ಬೆಳಿಗ್ಗೆ ನೀನು ಏಳಿದಾಗ ನಾಲಗೆ ಒಣಗೋಯ್ತು."

ಭಾನು ತೊಳೆದಿಟ್ಟ ಕುಂಚಗಳನ್ನು ಒಂದೊಂದಾಗಿ ಜೋಡಿಸತೊಡಗಿದಳು. ತನ್ನ ತೋಟವನ್ನು ಉಳಿಸಲು ಹೋಗಿ ಮುಗಿಸಿದವರನ್ನು ಬೈಯುವ ಬಗೆ ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

"ಮುಗಿದಿಲ್ಲ" ಎಂದರು ಶಿವರುದ್ರಮ್ಮನವರು. "ಹೂವಿನ ಜಡೆಗಳು ಎಲ್ಲಿ ಹೋದವು ಅಂತ ಯಾರೂ ಕೇಳಲಿಲ್ಲ. ಹೂ ಕಾಲಿಗೆ ಸಿಕ್ಕಬಾರದು ಅನ್ನೋದು ಇವರ ಮನೇಲಿ ಪದ್ಧತಿ. ಮರ ಕಡಿದ ಕೈಯಿಂದಲೇ ಹೂವೆಲ್ಲ ಆರಿಸಿ ಮನೆಗೆ ಒಯ್ದಿದ್ದಾರೆ. ದೊಡ್ಡಮಲ್ಲಮ್ಮ, ಬನ್ನಿ."

ದೊಡ್ಡಮಲ್ಲಮ್ಮನವರು ಸೊಂಟದ ಮೇಲೆ ತಾಮ್ರದ ಕೊಳಗ ಹೊತ್ತು ಬಂದರು. ನೀರಿನಲ್ಲಿ ನಿಂತ ಬಿಳಿಹಳದಿ ಜಡೆಗಳಲ್ಲಿ ಮೊಗ್ಗುಗಳು ಆಗಷ್ಟೇ ಬಿರಿಯುತ್ತಿದ್ದವು. ತಂಪು ಪರಿಮಳ ಬೇವಿನ ಕೆಳಗೆಲ್ಲ ಹರಡಿತು. ಮಧ್ಯಾಹ್ನ ಸೆರಗಿಗೆ ಅಂಟಿದ್ದು ಅರಿಸಿನವಲ್ಲವೆಂದು ಆಗ ನನಗೆ ಹೊಳೆಯಿತು.

ಭಾನು ಒಂದು ಹೂ ಬಿಡಿಸಿ ಬೆರಳಿಗೆ ಒತ್ತಿ ನೋಡಿದಳು. "ಪರಾಗ ಚೆನ್ನಾಗಿದೆ" ಎಂದಳು. ಆಮೇಲೆ ನಕ್ಕಳು, ಅವಳ ಹಿಂದೆಯೇ ನಾವೆಲ್ಲರೂ. "ಕುಂಚ ತಗೊಳ್ಳಿ ಎಲ್ಲರೂ. ಮೂರನೇ ಪಾಠ ಈಗಲೇ."

ಅಂದು ಪತಂಗಗಳ ಕೆಲಸವನ್ನು ನಾವು ಮಾಡಿದೆವು. ರೇವಂತ್ ಮೊಬೈಲಿನ ಟಾರ್ಚು ಹಿಡಿದ. ಪುಟ್ಟಮಾದಯ್ಯ ಡಿಪೋದ ಏಣಿ ತಂದು, "ನಲವತ್ತಾದ್ಮೇಲೆ ಬ್ರೋಕರ್ ಕೆಲಸನೂ ಕಲ್ತಂಗಾಯ್ತು" ಎನ್ನುತ್ತ ಒಂದೊಂದು ಹೆಣ್ಣು ಹೂವಿಗೂ ಕುಂಚ ಸೋಕಿಸಿದರು. ಏಣಿ ಹಿಡಿದು ನಿಂತಿದ್ದವರು ಮರಿಮಲ್ಲಪ್ಪನವರು. ಅವರ ಮೀಸೆಯ ಮೇಲೆ ಬಿದ್ದ ಪರಾಗದಿಂದಲೇ ಇನ್ನೊಂದು ಸಾಲಿಗೆ ಆಗುತ್ತಿತ್ತು. ಏಣಿಯ ಕೆಳಗಿನಿಂದಲೇ ಅವರು, "ಮಾದಯ್ಯ, ಬೆಳಿಗ್ಗೇನೇ ಬಾಯಿ ಬುಡಬೇಕಾಗಿತ್ತು ಕಣಪ್ಪ, ತಪ್ಪಾಯ್ತು" ಎಂದರು. "ಏಣಿ ಅಲ್ಲಾಡ್ತದೆ, ಗಟ್ಟಿ ಇಡ್ಕಳಿ" ಎಂದು ಮೇಲಿನಿಂದ ಕ್ಷಮೆ ಸಿಕ್ಕಿತು.

ಯುಗಾದಿಗೆ ಮುಂಚೆಯೇ ಸಾಲಿನುದ್ದಕ್ಕೂ ಎಳೆಗಾಯಿ ಕಚ್ಚಿತು. ಮರಿಮಲ್ಲಪ್ಪನವರು ಅದೇ ನಾಲ್ಕು ಜನರನ್ನು ಕರೆತಂದು, ಒಂದೊಂದು ಕಾಯಿಯನ್ನೂ ಮುಟ್ಟಿಸಿ ತೋರಿಸಿದರು. ಅವರು ಹಚ್ಚಿದ ಲೇಪ, ಕವುಚಿದ ಕರಟ ವ್ಯರ್ಥವಾಗಲಿಲ್ಲ: ಮೋಟು ಕೊಳೆಯದೆ ಉಳಿದು, ಪಕ್ಕದಲ್ಲಿ ಮೂರು ಚಿಗುರು ಒಡೆಯಿತು. ಮೂರೂ ಗಂಡೇ ಆಗುತ್ತವೆಂದು ಭಾನು ಹೇಳಿದ್ದಾಳೆ. ಈಗ ಅದಕ್ಕೆ ನೀರು ಹೊಯ್ಯುವವರು ಅವರೇ. ಬೇರೆಯವರು ಕೊಡ ಮುಟ್ಟುವಂತಿಲ್ಲ.

ಹಬ್ಬದ ದಿನ ಒಬ್ಬಟ್ಟು ಕೊಡಲು ಬಂದ ದೊಡ್ಡಮಲ್ಲಮ್ಮನವರನ್ನು, ಯಜಮಾನರು ಹೇಗಿದ್ದಾರೆಂದು ಕೇಳಿದೆ.

"ಬೋ ಖುಷಿಯಾಗವ್ರೆ ಕಣಕ್ಕಾ" ಎಂದರು. "ಕಾಯಿ ಬುಡದೆ ಸುಮ್ಮನೆ ನಿಂತಿರೋ ಗಂಡಸ್ರಿಂದ್ಲೂ ಒಂದು ಉಪಯೋಗ ಅದೆ ಅಂತ ಈ ವಯಸ್ಸಲ್ಲಿ ಗೊತ್ತಾಯ್ತಲ್ಲ."